ಆರ್ಸೆನಿಕ್ ಕ್ಯಾನ್ಸರ್ ಕೋಶವನ್ನು ಹೇಗೆ ಕೊಲ್ಲುತ್ತದೆ? ಪದೇ ಪದೇ ಕೇಳುವ ಪ್ರಶ್ನೆಗಳು

ಆರ್ಸೆನಿಕ್ ಕ್ಯಾನ್ಸರ್ ತರುತ್ತದೆ. ಅದೇ ಆರ್ಸೆನಿಕ್ ಒಂದು ಬಗೆಯ ರಕ್ತ ಕ್ಯಾನ್ಸರಿಗೆ ಮದ್ದು ಕೂಡ. ಈ ಎರಡು ಮಾತನ್ನು ಒಟ್ಟಿಗೆ ಕೇಳಿದವರು ಮೊದಲು ನಂಬುವುದಿಲ್ಲ, ಆಮೇಲೆ ಪ್ರಶ್ನೆ ಕೇಳುವುದನ್ನು ನಿಲ್ಲಿಸುವುದಿಲ್ಲ. ಕೆಲವು ವರ್ಷ ಲ್ಯಾಬಿನಲ್ಲಿ ಕೋಶಗಳನ್ನು ಬೆಳೆಸುವ ಕೆಲಸ ಮಾಡಿದ್ದರಿಂದ ಅಂಥ ಪ್ರಶ್ನೆಗಳು ನನ್ನ ಕಡೆಗೂ ಬರುತ್ತಿರುತ್ತವೆ. ಜಾಸ್ತಿ ಸಲ ಬಂದವನ್ನು ಇಲ್ಲಿ ಬರೆದಿದ್ದೇನೆ.

ಪಾಷಾಣ ಅಂತಾರಲ್ಲ, ಅದೇನಾ ಇದು?

ಹೌದು, ಅದೇ. ಹಳಬರು ಶಂಖಪಾಷಾಣ ಅಥವಾ ಬಿಳಿ ಪಾಷಾಣ ಎನ್ನುತ್ತಿದ್ದ ಪುಡಿ ಆರ್ಸೆನಿಕ್ ಟ್ರೈಆಕ್ಸೈಡ್. ಹಳದಿ ಹರಿದಾಳ ಮತ್ತು ಕೆಂಪು ಮಣಿಶಿಲೆ ಆರ್ಸೆನಿಕ್ ಗಂಧಕದ ಜೊತೆ ಸೇರಿ ಆದ ಖನಿಜಗಳು. ಬಿಳಿ ಪುಡಿಗೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಕೊಲೆಗಾರರಿಗೆ ಅದು ಇಷ್ಟವಾಗಿದ್ದೇ ಅದಕ್ಕೆ. ಇವತ್ತು ಆಸ್ಪತ್ರೆಯಲ್ಲಿ ರಕ್ತನಾಳಕ್ಕೆ ಹಾಕುವ ಮದ್ದು ಇದೇ ಬಿಳಿ ಪಾಷಾಣದ ಶುದ್ಧ ದ್ರಾವಣ. ಬೇರೆ ಯಾವುದೋ "ಸೌಮ್ಯ ರೂಪ" ಅಲ್ಲ.

ವಿಷ ಹಾಕಿದರೆ ಯಾವ ಕೋಶ ಆದರೂ ಸಾಯುತ್ತದೆ. ಇದರಲ್ಲಿ ವಿಶೇಷ ಏನಿದೆ?

ಬಂದ ಪ್ರಶ್ನೆಗಳಲ್ಲಿ ನನಗೆ ತುಂಬ ಹಿಡಿಸಿದ್ದು ಇದು. ಲ್ಯಾಬಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ದೊಡ್ಡ ವಿಷಯವೇ ಅಲ್ಲ. ಪಾತ್ರೆ ತೊಳೆಯುವ ಸೋಪು ಹಾಕಿದರೂ ಸಾಯುತ್ತದೆ. ಬಿಸಿನೀರು ಹಾಕಿದರೂ ಸಾಯುತ್ತದೆ. ಹಾಗಾಗಿ "ಇಂಥ ವಸ್ತು ಕ್ಯಾನ್ಸರ್ ಕೋಶಗಳನ್ನು ಕೊಂದಿತು" ಎಂಬ ಸುದ್ದಿ ಓದಿದಾಗೆಲ್ಲ ಎರಡು ಪ್ರಶ್ನೆ ಕೇಳಿ. ಎಷ್ಟು ಪ್ರಮಾಣದಲ್ಲಿ ಕೊಂದಿತು? ಅಷ್ಟೇ ಪ್ರಮಾಣದಲ್ಲಿ ಒಳ್ಳೆಯ ಕೋಶಕ್ಕೆ ಏನಾಯಿತು?

ಆರ್ಸೆನಿಕ್ ಮದ್ದಾಗಿದ್ದು ಅದು ಘೋರ ವಿಷ ಎಂಬ ಕಾರಣಕ್ಕಲ್ಲ. ಒಂದು ಬಗೆಯ ಕ್ಯಾನ್ಸರ್ ಕೋಶ ತೀರಾ ಕಡಿಮೆ ಪ್ರಮಾಣಕ್ಕೇ ಸಾಯುತ್ತದೆ, ಉಳಿದ ಬಹುಪಾಲು ಕೋಶಗಳು ಅಷ್ಟನ್ನು ತಾಳಿಕೊಳ್ಳುತ್ತವೆ. ಆ ಅಂತರದಲ್ಲಿ ಮದ್ದು ಹುಟ್ಟಿತು. "ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು" ಎಂದು ಗಾದೆ ಹೇಳಿ ಮಾತು ಮುಗಿಸುವವರಿದ್ದಾರೆ. ಆದರೆ ಇಲ್ಲಿ ಆ ಗಾದೆ ಅಷ್ಟಾಗಿ ಹೊಂದುವುದಿಲ್ಲ. ಎಲ್ಲ ಮುಳ್ಳನ್ನೂ ತೆಗೆಯುವ ಮುಳ್ಳಲ್ಲ ಇದು.

ಅದು ಕೋಶದ ಒಳಗೆ ಹೋಗುವುದು ಹೇಗೆ?

ಬೇರೆಯವರಿಗೆಂದು ಇಟ್ಟ ಬಾಗಿಲಿನಿಂದ. ಆರ್ಸೆನಿಕ್ ಎರಡು ಮುಖ್ಯ ರೂಪಗಳಲ್ಲಿ ಸಿಗುತ್ತದೆ. ಆರ್ಸೆನೇಟ್ ನೋಡಲು ಫಾಸ್ಫೇಟಿನ ಥರ ಇರುತ್ತದೆ, ಫಾಸ್ಫೇಟಿನ ದಾರಿಯಲ್ಲೇ ನುಸುಳುತ್ತದೆ. ಒಳಗೆ ಹೋದ ಮೇಲೂ ಫಾಸ್ಫೇಟಿನ ಜಾಗದಲ್ಲಿ ಕೂತು, ಶಕ್ತಿ ತಯಾರಿಸುವ ಕೆಲಸವನ್ನು ಕೆಡಿಸುತ್ತದೆ. ಆರ್ಸೆನೈಟ್ ಇನ್ನೂ ಅಪಾಯದ್ದು, ಬಿಳಿ ಪಾಷಾಣ ನೀರಿನಲ್ಲಿ ಕರಗಿದಾಗ ಸಿಗುವುದು ಇದೇ. ನೀರು ಮತ್ತು ಗ್ಲಿಸರಾಲ್ ಸಾಗಿಸಲು ಕೋಶದ ಪೊರೆಯಲ್ಲಿರುವ ಅಕ್ವಾಗ್ಲಿಸರೋಪೋರಿನ್ ಎಂಬ ಕಾಲುವೆಗಳಲ್ಲಿ ಅದು ಸಲೀಸಾಗಿ ಹೋಗುತ್ತದೆ. ಅವುಗಳಲ್ಲಿ ಅಕ್ವಾಪೋರಿನ್-9 ಜಾಸ್ತಿ ಇರುವ ಲ್ಯುಕೇಮಿಯಾ (ರಕ್ತ ಕ್ಯಾನ್ಸರ್) ಕೋಶಗಳಿಗೆ ಆರ್ಸೆನಿಕ್ ಬೇಗ ತಟ್ಟುತ್ತದೆ.

ಹೊರಗೆ ತಳ್ಳುವ ಪಂಪುಗಳೂ ಇವೆ. ಒಂದು ಕೋಶ ಸಾಯುತ್ತದೋ ಉಳಿಯುತ್ತದೋ ಎಂಬುದರಲ್ಲಿ ಅರ್ಧ ಕಥೆ ಈ ಒಳಹರಿವು ಮತ್ತು ಹೊರಹರಿವಿನ ಲೆಕ್ಕದಲ್ಲೇ ಮುಗಿದಿರುತ್ತದೆ.

ಒಳಗೆ ಹೋಗಿ ಏನು ಮಾಡುತ್ತದೆ?

ಆರ್ಸೆನೈಟಿಗೆ ಗಂಧಕ ಎಂದರೆ ಪ್ರಾಣ. ಪ್ರೋಟೀನುಗಳಲ್ಲಿ ಸಿಸ್ಟೀನ್ ಎಂಬ ಅಮೈನೋ ಆಮ್ಲ ಇರುತ್ತದೆ, ಅದರ ತುದಿಯಲ್ಲಿ ಗಂಧಕ. ಎರಡು ಮೂರು ಸಿಸ್ಟೀನ್ ಹತ್ತಿರ ಹತ್ತಿರ ಇದ್ದರೆ ಆರ್ಸೆನಿಕ್ ಅಲ್ಲಿ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಪ್ರೋಟೀನಿನ ಆಕಾರ ಕೆಡುತ್ತದೆ, ಕೆಲಸವೂ ನಿಲ್ಲುತ್ತದೆ. ಕೂದಲು ಮತ್ತು ಉಗುರಿನಲ್ಲಿ ಆರ್ಸೆನಿಕ್ ಸೇರಿಕೊಳ್ಳುವುದೂ ಇದೇ ಕಾರಣಕ್ಕೆ. ಅವು ಕೆರಟಿನ್‌ನಿಂದ ಆಗಿವೆ, ಕೆರಟಿನ್ ತುಂಬ ಗಂಧಕ.

ಹೀಗೆ ಕೆಡುವ ಪ್ರೋಟೀನುಗಳು ಒಂದೆರಡಲ್ಲ. ಆಹಾರದಿಂದ ಶಕ್ತಿ ತೆಗೆಯುವ ಪೈರುವೇಟ್ ಡಿಹೈಡ್ರೋಜಿನೇಸ್ ಕಿಣ್ವ ನಿಂತುಹೋಗುತ್ತದೆ. ಕೋಶಕ್ಕೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾದಲ್ಲಿ ಗಲಾಟೆಯಾಗಿ, ಚುರುಕು ಆಮ್ಲಜನಕದ ಕಣಗಳು ಅಂಕೆ ಮೀರಿ ಹುಟ್ಟುತ್ತವೆ. ಅವು ಕೊಬ್ಬು, ಪ್ರೋಟೀನು, ಡಿಎನ್ಎ ಎಲ್ಲವನ್ನೂ ಸುಡುತ್ತವೆ. ಕೊನೆಗೆ ಮೈಟೊಕಾಂಡ್ರಿಯಾದ ಪೊರೆ ತೂತಾಗಿ ಸೈಟೊಕ್ರೋಮ್-ಸಿ ಎಂಬ ಪ್ರೋಟೀನು ಹೊರಗೆ ಸೋರುತ್ತದೆ. ಕೋಶದ ಮಟ್ಟಿಗೆ ಅದು ಸಾವಿನ ಕರೆ. ಕ್ಯಾಸ್ಪೇಸ್ ಎಂಬ ಕತ್ತರಿ ಕಿಣ್ವಗಳು ಎದ್ದು ಕೋಶವನ್ನು ಒಳಗಿನಿಂದಲೇ ಚೂರು ಮಾಡುತ್ತವೆ. ಇದನ್ನು ಅಪೊಪ್ಟೋಸಿಸ್ ಎನ್ನುತ್ತಾರೆ, ಕೋಶ ತನ್ನನ್ನು ತಾನೇ ಕೊಂದುಕೊಳ್ಳುವುದು. ಪ್ರಮಾಣ ತೀರಾ ಜಾಸ್ತಿಯಾದರೆ ಇಷ್ಟು ಶಿಸ್ತಿನ ಸಾವೂ ಆಗುವುದಿಲ್ಲ. ಕೋಶ ಸುಮ್ನೆ ಒಡೆದು ಹೋಗುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವುದು ಗ್ಲುಟಾಥಯೋನ್ ಎಂಬ ಪುಟ್ಟ ಅಣು. ಅದರಲ್ಲೂ ಗಂಧಕ ಇದೆ. ಆರ್ಸೆನಿಕ್ಕನ್ನು ತನಗೇ ಅಂಟಿಸಿಕೊಂಡು, ಪಂಪಿನ ಮೂಲಕ ಹೊರಗೆ ಕಳಿಸಲು ಸಹಾಯ ಮಾಡುತ್ತದೆ. ಗ್ಲುಟಾಥಯೋನ್ ಕಡಿಮೆ ಇರುವ ಕೋಶ ಬೇಗ ಸಾಯುತ್ತದೆ, ಜಾಸ್ತಿ ಇರುವ ಕೋಶ ತಡೆದುಕೊಳ್ಳುತ್ತದೆ. ಗ್ಲುಟಾಥಯೋನ್ ತಯಾರಿಯನ್ನು ಮದ್ದಿನಿಂದ ನಿಲ್ಲಿಸಿದರೆ ಗಟ್ಟಿ ಕೋಶವೂ ಮೆತ್ತಗಾಗುತ್ತದೆ. ಲ್ಯಾಬಿನಲ್ಲಿ ಇದನ್ನು ಮತ್ತೆ ಮತ್ತೆ ನೋಡಿದ್ದಾರೆ.

ಹಾಗಾದರೆ ಒಂದೇ ಕ್ಯಾನ್ಸರ್ ಮೇಲೆ ಇಷ್ಟು ಪರಿಣಾಮ ಯಾಕೆ?

ಆ ಕ್ಯಾನ್ಸರಿನ ಹೆಸರು ಅಕ್ಯೂಟ್ ಪ್ರೊಮೈಲೊಸೈಟಿಕ್ ಲ್ಯುಕೇಮಿಯಾ, ಚಿಕ್ಕದಾಗಿ ಎಪಿಎಲ್. 1957ರಲ್ಲಿ ನಾರ್ವೆಯ ಹಿಲ್ಲೆಸ್ಟಾಡ್ ಇದನ್ನು ಬೇರೆ ಕಾಯಿಲೆ ಎಂದು ಗುರುತಿಸಿದರು. ಆಗ ಇದು ರಕ್ತಸ್ರಾವದಿಂದ ಕೆಲವೇ ವಾರಗಳಲ್ಲಿ ಕೊಲ್ಲುತ್ತಿತ್ತು.

ಈ ಕಾಯಿಲೆಯಲ್ಲಿ 15ನೇ ಮತ್ತು 17ನೇ ಕ್ರೋಮೋಸೋಮುಗಳು ಮುರಿದು ತುಂಡು ಅದಲುಬದಲಾಗುತ್ತವೆ. ಹೀಗೆ ಎರಡು ಜೀನ್‌ಗಳ ಕಸಿ ಆಗಿಬಿಡುತ್ತದೆ. ಅದರಿಂದ ಹುಟ್ಟುವ ಪ್ರೋಟೀನಿನ ಹೆಸರು ಪಿಎಂಎಲ್-ಆರ್‌ಎಆರ್‌ಎ. ಬಿಳಿ ರಕ್ತಕಣ ಬೆಳೆದು ದೊಡ್ಡದಾಗಬೇಕಾದ ದಾರಿಯಲ್ಲಿ ಈ ಕಸಿ ಪ್ರೋಟೀನು ಅಡ್ಡ ಕೂರುತ್ತದೆ. ಕೋಶ ಎಳೆಯದಾಗಿಯೇ ಉಳಿದು ಲೆಕ್ಕವಿಲ್ಲದಷ್ಟು ಹೆಚ್ಚುತ್ತದೆ.

ಈಗ ಗಂಧಕದ ಮಾತಿಗೆ ಮತ್ತೆ ಬನ್ನಿ. ಕಸಿಯ ಪಿಎಂಎಲ್ ಅರ್ಧದಲ್ಲಿ ಸಿಸ್ಟೀನ್‌ಗಳು ಆರ್ಸೆನಿಕ್ಕಿಗೆ ಹೇಳಿ ಮಾಡಿಸಿದ ಹಾಗೆ ಜೋಡಣೆಯಾಗಿವೆ. ಆರ್ಸೆನಿಕ್ ನೇರವಾಗಿ ಅಲ್ಲೇ ಕಚ್ಚುತ್ತದೆ ಎಂದು 2010ರಲ್ಲಿ ಚೀನಾದ ವಿಜ್ಞಾನಿಗಳು ತೋರಿಸಿದರು. ಕಚ್ಚಿದ ಕೂಡಲೇ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಗುಂಪಾಗುತ್ತವೆ. ಅವುಗಳ ಮೇಲೆ ಸುಮೋ ಎಂಬ ಚೀಟಿ ಬೀಳುತ್ತದೆ. ಆ ಚೀಟಿಯನ್ನು ಆರ್‌ಎನ್‌ಎಫ್4 ಎಂಬ ಇನ್ನೊಂದು ಪ್ರೋಟೀನು ಓದಿ, ಯುಬಿಕ್ವಿಟಿನ್ ಎಂಬ ಎರಡನೇ ಚೀಟಿ ಅಂಟಿಸುತ್ತದೆ. ಈ ಎರಡನೇ ಚೀಟಿ ಬಿದ್ದ ಪ್ರೋಟೀನು ಸೀದಾ ಕೋಶದ ರುಬ್ಬುಕಲ್ಲಿಗೆ, ಅಂದರೆ ಪ್ರೋಟಿಯಸೋಮಿಗೆ. ಕಸಿ ಪ್ರೋಟೀನು ಪುಡಿಯಾಯಿತು ಎಂದರೆ ಕಾಯಿಲೆಯ ಬೇರೇ ಕಿತ್ತ ಹಾಗೆ. ಮೈ ತುಂಬ ವಿಷ ತುಂಬುವ ಅಗತ್ಯವೇ ಬರುವುದಿಲ್ಲ.

ಇನ್ನೂ ಒಂದು ವಿಷಯ ಇದೆ. ಎಪಿಎಲ್ ಕೋಶಗಳಲ್ಲಿ ಗ್ಲುಟಾಥಯೋನ್ ಕೂಡ ಕಡಿಮೆ. ರೋಗಿಯಿಂದ ತೆಗೆದು ಬೆಳೆಸಿದ ಎನ್‌ಬಿ4 ಎಂಬ ಎಪಿಎಲ್ ಕೋಶ 1991ರಿಂದ ಲ್ಯಾಬುಗಳಲ್ಲಿದೆ. ಪ್ರಯೋಗಗಳು ಬಹುಪಾಲು ಅದರ ಮೇಲೇ ನಡೆದಿವೆ.

ಇದನ್ನು ಕಂಡುಹಿಡಿದವರು ಯಾರು?

ಒಬ್ಬರಲ್ಲ. 1786ರಲ್ಲಿ ಇಂಗ್ಲೆಂಡಿನ ಥಾಮಸ್ ಫೌಲರ್ ಎಂಬ ವೈದ್ಯ ಪೊಟ್ಯಾಸಿಯಂ ಆರ್ಸೆನೈಟಿನ 1 ಶೇಕಡಾ ದ್ರಾವಣವನ್ನು ಜ್ವರಕ್ಕೆ ಮದ್ದೆಂದು ಬರೆದ. 1878ರಲ್ಲಿ ಬಾಸ್ಟನ್‌ನ ವೈದ್ಯರು ಅದನ್ನು ಲ್ಯುಕೇಮಿಯಾ ರೋಗಿಗೆ ಕೊಟ್ಟು, ಬಿಳಿ ರಕ್ತಕಣ ಇಳಿದದ್ದನ್ನು ಎಣಿಸಿ ನೋಡಿದರು. ಆಮೇಲೆ ಬೇರೆ ಚಿಕಿತ್ಸೆಗಳು ಬಂದು ಆರ್ಸೆನಿಕ್ ಮೂಲೆಗೆ ಬಿತ್ತು.

ಮತ್ತೆ ಎದ್ದಿದ್ದು ಚೀನಾದ ಹಾರ್ಬಿನ್‌ನಲ್ಲಿ, 1970ರ ದಶಕದ ಮೊದಲಲ್ಲಿ. ಹಳ್ಳಿಯ ನಾಟಿ ಮದ್ದೊಂದರಲ್ಲಿ ಆರ್ಸೆನಿಕ್, ಪಾದರಸದ ಲವಣ, ಕಪ್ಪೆಯ ವಿಷ ಮೂರೂ ಇದ್ದವು. ಔಷಧ ತಯಾರಕ ಹಾನ್ ತೈಯುನ್ ಅದನ್ನು ಚುಚ್ಚುಮದ್ದಾಗಿ ಮಾಡಿದರು. ವೈದ್ಯ ಜಾಂಗ್ ತಿಂಗ್‌ದಾಂಗ್ ಜೊತೆಗೂಡಿದರು. ಒಂದೊಂದನ್ನೇ ಬಿಟ್ಟು ನೋಡುತ್ತ, ಕೆಲಸ ಮಾಡುತ್ತಿರುವುದು ಆರ್ಸೆನಿಕ್ ಎಂದು ತಿಳಿದುಕೊಂಡರು. ನನ್ನ ಕಣ್ಣಲ್ಲಿ ಈ ಕಥೆಯ ನಿಜವಾದ ಸಾಧನೆ ಅದೇ. "ನಾಟಿ ಮದ್ದಿನಲ್ಲಿ ಎಲ್ಲವೂ ಇದೆ" ಎಂದು ಪೂರ್ತಿ ಒಪ್ಪಲಿಲ್ಲ, ಪೂರ್ತಿ ತಳ್ಳಿಯೂ ಹಾಕಲಿಲ್ಲ. ಬಿಡಿಸಿ ನೋಡಿದರು.

1990ರ ದಶಕದಲ್ಲಿ ಶಾಂಘೈನ ಚೆನ್ ಝು ಮತ್ತು ಸಂಗಡಿಗರು ಕೋಶದ ಮಟ್ಟದಲ್ಲಿ ಏನಾಗುತ್ತಿದೆ ಎಂದು ತೋರಿಸಿದರು. 1998ರಲ್ಲಿ ನ್ಯೂಯಾರ್ಕಿನಲ್ಲಿ, ಕಾಯಿಲೆ ಮರುಕಳಿಸಿದ 12 ರೋಗಿಗಳಲ್ಲಿ 11 ಜನರಿಗೆ ರೋಗ ಪೂರ್ತಿ ಇಳಿದ ವರದಿ ಬಂತು. 2000ದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿತು.

ಈಗ ಎಷ್ಟು ಜನ ಗುಣ ಆಗುತ್ತಾರೆ?

ಆರ್ಸೆನಿಕ್ ಜೊತೆಗೆ ವಿಟಮಿನ್ ಎ ಬಳಗದ ಆಲ್-ಟ್ರಾನ್ಸ್ ರೆಟಿನಾಯಿಕ್ ಆಮ್ಲ ಕೊಡುತ್ತಾರೆ. ಅದು ಕಸಿ ಪ್ರೋಟೀನಿನ ಇನ್ನೊಂದು ಅರ್ಧಕ್ಕೆ ಅಂಟುತ್ತದೆ. ಆರ್ಸೆನಿಕ್ ಒಂದು ತುದಿ, ಇದು ಇನ್ನೊಂದು ತುದಿ. 2013ರಲ್ಲಿ ಹೊರಬಂದ ದೊಡ್ಡ ಪರೀಕ್ಷೆಯಲ್ಲಿ, ಅಪಾಯ ಕಡಿಮೆ ಅಥವಾ ಮಧ್ಯಮ ಇರುವ ರೋಗಿಗಳು ಈ ಜೋಡಿ ತೆಗೆದುಕೊಂಡಾಗ 2 ವರ್ಷದ ನಂತರ ಶೇಕಡಾ 97 ಜನ ಯಾವ ತೊಡಕೂ ಇಲ್ಲದೆ ಉಳಿದಿದ್ದರು. ರೆಟಿನಾಯಿಕ್ ಆಮ್ಲದ ಜೊತೆ ಕಿಮೋ ತೆಗೆದುಕೊಂಡವರಲ್ಲಿ ಅದು ಶೇಕಡಾ 86. ಕೆಲವೇ ವಾರಗಳಲ್ಲಿ ಕೊಲ್ಲುತ್ತಿದ್ದ ಕಾಯಿಲೆ ಇದೇ ಅಲ್ವಾ!

ಪ್ರಮಾಣ ಎಷ್ಟಿರಬೇಕು?

ತಟ್ಟೆಯಲ್ಲಿ ಎನ್‌ಬಿ4 ಕೋಶಗಳಿಗೆ 0.1ರಿಂದ 0.5 ಮೈಕ್ರೋಮೋಲಾರ್ ಆರ್ಸೆನಿಕ್ ಹಾಕಿದರೆ ಅವು ಸಾಯುವ ಬದಲು ಸ್ವಲ್ಪ ಸ್ವಲ್ಪ ಬೆಳೆದು ದೊಡ್ಡವಾಗತೊಡಗುತ್ತವೆ. 0.5ರಿಂದ 2ರ ನಡುವೆ ಅಪೊಪ್ಟೋಸಿಸ್ ಶುರುವಾಗುತ್ತದೆ. ಒಂದೇ ವಸ್ತು, ಪ್ರಮಾಣ ಬದಲಾದರೆ ಕೆಲಸವೇ ಬೇರೆ.

1 ಮೈಕ್ರೋಮೋಲಾರ್ ಎಂದರೆ ಲೀಟರಿಗೆ ಸುಮಾರು 75 ಮೈಕ್ರೋಗ್ರಾಂ ಆರ್ಸೆನಿಕ್. ಕುಡಿಯುವ ನೀರಿಗೆ ವಿಶ್ವ ಆರೋಗ್ಯ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಎರಡನ್ನೂ ಪಕ್ಕಪಕ್ಕ ಇಟ್ಟು ಗಾಬರಿ ಬೀಳಬೇಡಿ. ಕೋಶವನ್ನು ನೆನೆಸಿದ ದ್ರವವೇ ಬೇರೆ, ವರ್ಷಗಟ್ಟಲೆ ಕುಡಿಯುವ ನೀರೇ ಬೇರೆ.

ರೋಗಿಗೆ ದಿನಕ್ಕೆ ಒಂದು ಕಿಲೋ ತೂಕಕ್ಕೆ 0.15 ಮಿಲಿಗ್ರಾಂ ಲೆಕ್ಕದಲ್ಲಿ ನಿಧಾನವಾಗಿ ರಕ್ತನಾಳಕ್ಕೆ ಕೊಡುತ್ತಾರೆ. 60 ಕಿಲೋ ಇರುವವರಿಗೆ 9 ಮಿಲಿಗ್ರಾಂ. ಆದರೆ ಬಿಳಿ ಪಾಷಾಣದ 70ರಿಂದ 200 ಮಿಲಿಗ್ರಾಂ ಒಂದೇ ಸಲ ಹೊಟ್ಟೆಗೆ ಹೋದರೆ ಸಾವು ಎಂದು ವಿಷವೈದ್ಯರು ಹೇಳುತ್ತಾರೆ. ಎಷ್ಟು ಸಣ್ಣ ಅಂತರ ನೋಡಿ.

ಕೋಶ ಸತ್ತಿದೆ ಎಂದು ಲ್ಯಾಬಿನವರಿಗೆ ಗೊತ್ತಾಗುವುದು ಹೇಗೆ?

ಜಾಸ್ತಿ ಬಳಕೆಯಲ್ಲಿರುವುದು ಎಂಟಿಟಿ ಪರೀಕ್ಷೆ. ಹಳದಿ ಬಣ್ಣದ ಪುಡಿಯನ್ನು ಕರಗಿಸಿ ಕೋಶಗಳಿಗೆ ಹಾಕುತ್ತಾರೆ. ಬದುಕಿರುವ ಕೋಶ ಅದನ್ನು ನೇರಳೆ ಹರಳು ಮಾಡುತ್ತದೆ. ನೇರಳೆ ಗಾಢವಾಗಿದ್ದಷ್ಟೂ ಬದುಕಿದವರು ಜಾಸ್ತಿ. ಅರ್ಧ ಬಣ್ಣ ಇಳಿಸಲು ಬೇಕಾದ ಪ್ರಮಾಣವನ್ನು ಐಸಿ50 ಎಂದು ಬರೆಯುತ್ತಾರೆ.

ಇಲ್ಲೊಂದು ಹಳ್ಳ ಇದೆ, ನಾನೂ ಅದರಲ್ಲಿ ಬಿದ್ದವನೇ. ಎಂಟಿಟಿ ಸಾವನ್ನು ಅಳೆಯುವುದಿಲ್ಲ, ಕೋಶದ ಒಳಗಿನ ಚಟುವಟಿಕೆಯನ್ನು ಅಳೆಯುತ್ತದೆ. ಆರ್ಸೆನಿಕ್ ಮೊದಲು ಕೈ ಹಾಕುವುದೇ ಮೈಟೊಕಾಂಡ್ರಿಯಾಕ್ಕೆ. ಹಾಗಾಗಿ ಕೋಶ ಇನ್ನೂ ಬದುಕಿದ್ದು ಬರೀ ಸುಸ್ತಾಗಿದ್ದರೂ ಬಣ್ಣ ಇಳಿಯುತ್ತದೆ. ಒಮ್ಮೆ ನನ್ನ ಪಟ್ಟಿಯಲ್ಲಿ ಅರ್ಧ ಸತ್ತಿದ್ದ ಕೋಶಗಳು ಮರುದಿನ ಸೂಕ್ಷ್ಮದರ್ಶಕದಲ್ಲಿ ಆರಾಮಾಗಿ ಕೂತಿದ್ದವು. ಅಂದಿನಿಂದ ಎರಡನೇ ಪರೀಕ್ಷೆ ಇಲ್ಲದೆ ನಾನು ಯಾವ ಐಸಿ50 ಅಂಕಿಯನ್ನೂ ನಂಬಿಲ್ಲ. ಟ್ರೈಪಾನ್ ನೀಲಿ ಇದೆ. ಪೊರೆ ಒಡೆದ ಕೋಶದ ಒಳಗೆ ಮಾತ್ರ ಅದು ಹೋಗುತ್ತದೆ. ಅಪೊಪ್ಟೋಸಿಸ್ ಶುರುವಾದದ್ದನ್ನು ಹಿಡಿಯಲು ಅನೆಕ್ಸಿನ್-ವಿ ಇದೆ. ಡಿಎನ್ಎ ಎಷ್ಟು ಚೂರಾಗಿದೆ ಎಂದು ನೋಡಲು ಕಾಮೆಟ್ ಪರೀಕ್ಷೆ. ಅದರಲ್ಲಿ ಕೆಟ್ಟ ಕೋಶ ನಿಜಕ್ಕೂ ಬಾಲ ಇರುವ ಧೂಮಕೇತುವಿನ ಥರ ಕಾಣುತ್ತದೆ.

24 ಗಂಟೆಯ ಅಂಕಿಯನ್ನು 72 ಗಂಟೆಯ ಅಂಕಿಗೆ ಹೋಲಿಸುವವರೂ ಇದ್ದಾರೆ. ಹಾಗೆ ಮಾಡಬೇಡಿ.

ಶ್ವಾಸಕೋಶ, ಸ್ತನ, ಯಕೃತ್ತಿನ ಕ್ಯಾನ್ಸರಿಗೂ ಯಾಕೆ ಕೊಡುವುದಿಲ್ಲ?

ತಟ್ಟೆಯಲ್ಲಿ ಆ ಕೋಶಗಳೂ ಸಾಯುತ್ತವೆ. ಲ್ಯಾಬಿನಲ್ಲಿ ಬೆಳೆಸುವ ಎ549 (ಶ್ವಾಸಕೋಶ), ಎಂಸಿಎಫ್-7 (ಸ್ತನ), ಹೆಪ್‌ಜಿ2 (ಯಕೃತ್ತು), ಹೀಲಾ (ಗರ್ಭಕಂಠ) ಕೋಶಗಳೆಲ್ಲದರ ಮೇಲೂ ಪ್ರಯೋಗ ಆಗಿದೆ. ತೊಡಕು ಏನೆಂದರೆ, ಸಾಮಾನ್ಯವಾಗಿ ಅವುಗಳಿಗೆ ಬೇಕಾದ ಪ್ರಮಾಣ ಜಾಸ್ತಿ. ಅಷ್ಟನ್ನು ರಕ್ತದಲ್ಲಿ ದಿನಗಟ್ಟಲೆ ಉಳಿಸಿದರೆ ಹೃದಯ, ಯಕೃತ್ತು, ನರಗಳು ಮೊದಲು ಸೋಲುತ್ತವೆ. ಅವುಗಳಲ್ಲಿ ಪಿಎಂಎಲ್-ಆರ್‌ಎಆರ್‌ಎಯಂಥ ಒಂದೇ ಕೀಲೂ ಇಲ್ಲ. ಗಡ್ಡೆಯ ಒಳಗಿನವರೆಗೆ ಮದ್ದು ತಲುಪುವುದೂ ಕಷ್ಟ. ರೋಗಿಗಳ ಮೇಲೆ ನಡೆದ ಪರೀಕ್ಷೆಗಳು ಬಹುಪಾಲು ನಿರಾಸೆ ತಂದಿವೆ. ಆದರೂ ಹುಡುಕಾಟ ನಿಂತಿಲ್ಲ. ಕ್ಯಾನ್ಸರ್ ತಡೆಯುವ ಪಿ53 ಎಂಬ ಪ್ರೋಟೀನಿನ ಆಕಾರ ಕೆಟ್ಟ ಕೆಲವು ರೂಪಗಳನ್ನು ಆರ್ಸೆನಿಕ್ ಮತ್ತೆ ಸರಿಯಾಗಿ ನಿಲ್ಲಿಸುತ್ತದೆ ಎಂಬುದು ಇತ್ತೀಚಿನ ಕುತೂಹಲದ ಸುದ್ದಿ. ಅದಿನ್ನೂ ಲ್ಯಾಬಿನ ಸುದ್ದಿ.

ಕ್ಯಾನ್ಸರ್ ಕೊಲ್ಲುವುದೇ ಕ್ಯಾನ್ಸರ್ ತರುವುದು ಹೇಗೆ ಸಾಧ್ಯ?

ಉತ್ತರ ಸಮಯದಲ್ಲಿದೆ. ಮದ್ದಿನಲ್ಲಿ ಆರ್ಸೆನಿಕ್ ಕೆಲವು ತಿಂಗಳು, ಲೆಕ್ಕ ಇಟ್ಟು, ಕೋಶ ಸಾಯುವಷ್ಟು ಬರುತ್ತದೆ. ಕೊಳವೆಬಾವಿಯ ನೀರಿನಲ್ಲಿ ಕೋಶ ಸಾಯದಷ್ಟು ಬರುತ್ತದೆ, ಆದರೆ ಹತ್ತಾರು ವರ್ಷ ಬರುತ್ತದೆ. ಸಾಯದೆ ಉಳಿದ ಕೋಶವೇ ಇಲ್ಲಿ ಅಪಾಯ.

ಆರ್ಸೆನಿಕ್ ಡಿಎನ್ಎಯ ಅಕ್ಷರಗಳನ್ನು ನೇರವಾಗಿ ತಿದ್ದುವುದು ಕಡಿಮೆ. ತಪ್ಪು ತಿದ್ದುವವರ ಕೈ ಕಟ್ಟುವುದು ಅದರ ವರಸೆ. ಡಿಎನ್ಎ ರಿಪೇರಿ ಮಾಡುವ ಪಾರ್ಪ್-1ನಂಥ ಪ್ರೋಟೀನುಗಳಲ್ಲಿ ಸತುವನ್ನು ಸಿಸ್ಟೀನ್‌ಗಳು ಹಿಡಿದುಕೊಂಡಿರುತ್ತವೆ. ಆರ್ಸೆನಿಕ್ ಆ ಸತುವನ್ನು ತಳ್ಳಿ ತಾನು ಕೂರುತ್ತದೆ. ರಿಪೇರಿ ನಿಲ್ಲುತ್ತದೆ. ಮತ್ತೆ ಗಂಧಕ, ಮತ್ತೆ ಸಿಸ್ಟೀನ್! ಎಪಿಎಲ್‌ನಲ್ಲಿ ಜೀವ ಉಳಿಸಿದ ಅದೇ ಕಚ್ಚಾಟ. ಜೊತೆಗೆ ಯಾವ ಜೀನ್ ಓದಬೇಕು, ಯಾವುದನ್ನು ಮುಚ್ಚಬೇಕು ಎಂಬ ಗುರುತುಗಳನ್ನೂ ಅದು ಕಲಸುತ್ತದೆ. ಯಕೃತ್ತು ಆರ್ಸೆನಿಕ್ಕಿಗೆ ಮೀಥೈಲ್ ಗುಂಪು ಸೇರಿಸಿ ಮೂತ್ರದಲ್ಲಿ ಕಳಿಸಲು ನೋಡುತ್ತದೆ. ಆ ದಾರಿಯಲ್ಲಿ ಹುಟ್ಟುವ ಒಂದು ರೂಪ ಮೂಲದ್ದಕ್ಕಿಂತ ಜಾಸ್ತಿ ವಿಷ.

ಸಾಮಾನ್ಯ ಚರ್ಮದ ಕೋಶಗಳಿಗೆ ಲ್ಯಾಬಿನಲ್ಲಿ ತೀರಾ ಸ್ವಲ್ಪ ಆರ್ಸೆನೈಟ್ ತಿಂಗಳುಗಟ್ಟಲೆ ಕೊಟ್ಟರೆ ಅವು ಕ್ಯಾನ್ಸರ್ ಕೋಶಗಳ ಥರ ನಡೆದುಕೊಳ್ಳತೊಡಗುತ್ತವೆ, ಸಾಯುವುದನ್ನೂ ಮರೆಯುತ್ತವೆ. ಚರ್ಮ, ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರಿಗೆ ಆರ್ಸೆನಿಕ್ ಕಾರಣ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅದನ್ನು ಮೊದಲ ಗುಂಪಿಗೆ, ಅಂದರೆ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ, ಸೇರಿಸಿದೆ.

ಚಿಲಿಯಲ್ಲಿ ಆರ್ಸೆನಿಕ್ ನೀರು ಕುಡಿದವರಿಗೆ ಸ್ತನ ಕ್ಯಾನ್ಸರ್ ಕಡಿಮೆಯಾಯಿತಂತೆ. ನಿಜವೇ?

ಅರ್ಧ ನಿಜ. ಆಂಟೊಫಗಾಸ್ಟಾ ನಗರದ ನೀರಿನಲ್ಲಿ 1958ರಿಂದ 1970ರವರೆಗೆ ಲೀಟರಿಗೆ 800 ಮೈಕ್ರೋಗ್ರಾಂ ಮೀರಿ ಆರ್ಸೆನಿಕ್ ಇತ್ತು. ಆ ಕಾಲದಲ್ಲಿ ಸ್ತನ ಕ್ಯಾನ್ಸರಿನ ಸಾವು ಸುಮಾರು ಅರ್ಧಕ್ಕೆ ಇಳಿಯಿತು ಎಂದು 2014ರ ಒಂದು ಅಧ್ಯಯನ ಹೇಳಿತು. ಆದರೆ ಅದೇ ಊರಿನಲ್ಲಿ ಶ್ವಾಸಕೋಶ ಮತ್ತು ಮೂತ್ರಕೋಶದ ಕ್ಯಾನ್ಸರ್ ಏರಿತು. ನೀರು ಶುದ್ಧವಾದ ಮೇಲೂ ದಶಕಗಟ್ಟಲೆ ಇಳಿಯಲಿಲ್ಲ. ಮೊದಲ ಅರ್ಧವನ್ನು ಮಾತ್ರ ಫಾರ್ವರ್ಡ್ ಮಾಡುವವರ ಮೇಲೆ ನನಗೆ ನಿಜಕ್ಕೂ ಸಿಟ್ಟಿದೆ.

ಮದ್ದಿನ ಅಡ್ಡಪರಿಣಾಮ ಏನು?

ಹೃದಯದ ಬಡಿತದ ಲಯ ಕೆಡಬಹುದು. ಇಸಿಜಿಯಲ್ಲಿ ಕ್ಯೂಟಿ ಅಂತರ ಉದ್ದವಾಗುತ್ತದೆ. ಅದಕ್ಕೇ ಚಿಕಿತ್ಸೆಯ ಉದ್ದಕ್ಕೂ ಇಸಿಜಿ, ಪೊಟ್ಯಾಸಿಯಂ, ಮೆಗ್ನೀಸಿಯಂ ನೋಡುತ್ತಲೇ ಇರುತ್ತಾರೆ. ಎರಡನೆಯದು ಡಿಫರೆನ್ಶಿಯೇಷನ್ ಸಿಂಡ್ರೋಮ್. ಜ್ವರ, ಉಸಿರಾಟದ ತೊಂದರೆ, ಮೈ ಬಾವು ಬರುತ್ತವೆ. ಕ್ಯಾನ್ಸರ್ ಕೋಶಗಳು ಬೆಳೆದು ದೊಡ್ಡವಾಗುವಾಗ ಆಗುವ ಗಲಾಟೆ ಇದು. ಸ್ಟೀರಾಯ್ಡ್ ಕೂಡಲೇ ಕೊಡಬೇಕಾಗುತ್ತದೆ. ಯಕೃತ್ತಿನ ಕಿಣ್ವ ಏರುವುದು, ಕೈಕಾಲು ಜೋಮು ಹಿಡಿಯುವುದು ಕೂಡ ಉಂಟು. ಕೂದಲು ಉದುರುವುದು ಕಿಮೋದಲ್ಲಿ ಆಗುವಷ್ಟು ಆಗುವುದಿಲ್ಲ.

ಚಿಕಿತ್ಸೆ ನಡೆಯುವಾಗ ವಿಟಮಿನ್ ಸಿ, ಆ್ಯಂಟಿಆಕ್ಸಿಡೆಂಟ್ ಮಾತ್ರೆ ನುಂಗಬಹುದೇ?

ವೈದ್ಯರನ್ನು ಕೇಳದೆ ಬೇಡ. ಗ್ಲುಟಾಥಯೋನ್ ಹೆಚ್ಚಿಸುವ ವಸ್ತು ಕ್ಯಾನ್ಸರ್ ಕೋಶವನ್ನೂ ಕಾಪಾಡಬಹುದು. ವಿಟಮಿನ್ ಸಿ ಇನ್ನೂ ವಿಚಿತ್ರ. ತಟ್ಟೆಯಲ್ಲಿ ಜಾಸ್ತಿ ಹಾಕಿದರೆ ಅದು ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸಿ ಆರ್ಸೆನಿಕ್ ಜೊತೆ ಸೇರಿ ಕೊಲ್ಲುತ್ತದೆ. ಮಾತ್ರೆಯಾಗಿ ನುಂಗಿದರೆ ರಕ್ತದಲ್ಲಿ ಆ ಮಟ್ಟ ಬರುವುದೇ ಇಲ್ಲ.

ಕ್ಯಾನ್ಸರ್ ಕೋಶ ಆರ್ಸೆನಿಕ್ಕಿಗೂ ಬಗ್ಗದೆ ಹೋಗುತ್ತದೆಯೇ?

ಹೋಗುತ್ತದೆ, ಅಪರೂಪಕ್ಕೆ. ಪಿಎಂಎಲ್ ಭಾಗದ 216ನೇ ಜಾಗದಲ್ಲಿ ಅಲನಿನ್ ಎಂಬ ಅಮೈನೋ ಆಮ್ಲ ಹೋಗಿ ವ್ಯಾಲಿನ್ ಬಂದರೆ, ಅಥವಾ 218ರಲ್ಲಿ ಲ್ಯೂಸಿನ್ ಹೋಗಿ ಪ್ರೋಲಿನ್ ಬಂದರೆ ಮದ್ದು ನಾಟುವುದಿಲ್ಲ. ನೂರಾರು ಅಕ್ಷರದ ಪ್ರೋಟೀನಿನಲ್ಲಿ ಒಂದೇ ಒಂದು ಅಕ್ಷರ ಬದಲಾದದ್ದು. ಮದ್ದಿನ ಗುರಿ ಎಲ್ಲಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಬಾಯಿಂದ ತೆಗೆದುಕೊಳ್ಳುವ ಆರ್ಸೆನಿಕ್ ಇದೆಯೇ? ಹರಿದಾಳ ತಿಂದರೆ ಆಗುವುದಿಲ್ಲವೇ?

ಇದೆ. ಚೀನಾದಲ್ಲಿ ಶುದ್ಧ ಮಾಡಿದ ಮಣಿಶಿಲೆ ಇರುವ ಮಾತ್ರೆಯನ್ನು ಎಪಿಎಲ್ ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ಅದು ಚುಚ್ಚುಮದ್ದಿಗೆ ಸಮವಾಗಿ ನಿಂತಿತು. ಅಲ್ಲಿ ಪ್ರಮಾಣ ಅಳತೆಯದ್ದು, ರೋಗಿಯ ಇಸಿಜಿ ಮತ್ತು ರಕ್ತ ನೋಡುತ್ತಿರುತ್ತಾರೆ. ಗಣಿಯಿಂದ ಬಂದ ಹರಿದಾಳ ಅಥವಾ ಮಣಿಶಿಲೆಯಲ್ಲಿ ಬಿಳಿ ಪಾಷಾಣ ಎಷ್ಟು ಬೆರೆತಿದೆ ಎಂದು ಕಣ್ಣಿನಿಂದ ನೋಡಿ ಹೇಳಲು ಯಾರಿಗೂ ಆಗುವುದಿಲ್ಲ. ಕಾಯಿಸಿದರೆ ಬಿಳಿ ಪಾಷಾಣ ಹೊಸದಾಗಿಯೂ ಹುಟ್ಟುತ್ತದೆ. ಯಾರಾದರೂ ಅದನ್ನು ತಿಂದಿದ್ದರೆ, ವಾಂತಿ ಭೇದಿ ಶುರುವಾಗಲಿ ಎಂದು ಕಾಯದೆ ಆಸ್ಪತ್ರೆಗೆ ಕರೆದೊಯ್ಯಿರಿ. ಅಲ್ಲಿ ಕೊಡುವ ಡೈಮರ್ಕಾಪ್ರಾಲ್ ಎಂಬ ಪ್ರತಿವಿಷವೂ ಗಂಧಕದ್ದೇ. ಎರಡು ಗಂಧಕದ ಕೈ ಚಾಚಿ, ಪ್ರೋಟೀನುಗಳಿಂದ ಆರ್ಸೆನಿಕ್ಕನ್ನು ಕಿತ್ತುಕೊಂಡು ಮೂತ್ರದಲ್ಲಿ ಹೊರಗೆ ಕಳಿಸುತ್ತದೆ.